ಪಾರಿಭಾಷಿಕ ಪದಗಳ ನಡುವಿನ ಇಂಗ್ಲಿಷ್

(ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ವಾಕ್ಯದಿಂದ ಶುರು ಮಾಡೋಣ. ‘ದ ಡಿಫ್ಲೆಕ್ಷನ್ ಈಸ್ ನೆಗ್ಲಿಜಿಬಲ್, ಪ್ರೊವೈಡೆಡ್ ದ್ಯಾಟ್ ದ ಲೋಡ್ ಡಸ್ ನಾಟ್ ಎಕ್ಸೀಡ್ ದ ಲಿಮಿಟ್.’ ಮೊದಲ ವರ್ಷದ ಮಕ್ಕಳ ಮುಂದೆ ಇದನ್ನಿಟ್ಟು ಯಾವ ಪದ ಕಷ್ಟ ಎಂದು ಕೇಳಿದರೆ ‘ಡಿಫ್ಲೆಕ್ಷನ್’ ಎನ್ನುತ್ತಾರೆ. ಆ ಪದದ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೆಕ್ಯಾನಿಕ್ಸ್ ಮೇಷ್ಟ್ರು ಚಿತ್ರ ಬರೆದು, ಸೂತ್ರ ಬರೆದು, ಸ್ಕೇಲನ್ನು ಮೇಜಿನ ಅಂಚಿಗಿಟ್ಟು ಬಾಗಿಸಿ ತೋರಿಸಿ ಅದನ್ನು ಕಲಿಸುತ್ತಾರೆ. ‘ಪ್ರೊವೈಡೆಡ್ ದ್ಯಾಟ್’ ಅನ್ನು ಮಾತ್ರ ಯಾರೂ ಕಲಿಸುವುದಿಲ್ಲ. ‘ಪ್ರೊವೈಡ್’ ಅಂದರೆ ಒದಗಿಸು ಎಂದು ಹೈಸ್ಕೂಲಿನಲ್ಲೇ ಕಲಿತಿರುತ್ತಾರೆ. ಅದೇ ಅರ್ಥವನ್ನು ಇಲ್ಲಿಗೂ ತರುತ್ತಾರೆ. ಏನನ್ನೋ ಒದಗಿಸಲಾಗಿದೆ, ಆದ್ದರಿಂದ ಬಾಗುವಿಕೆ ಇಲ್ಲ ಎಂದು ಓದಿಕೊಂಡು ಮುಂದೆ ಹೋಗುತ್ತಾರೆ. ನಿಜಕ್ಕೂ ಅದರ ಅರ್ಥ ‘ಹೀಗಿದ್ದರೆ ಮಾತ್ರ’: ಹೊರೆ ಮಿತಿ ಮೀರದಿದ್ದರೆ ಮಾತ್ರ ಬಾಗುವಿಕೆ ಲೆಕ್ಕಕ್ಕಿಲ್ಲ. ಇಡೀ ವಾಕ್ಯ ನಿಂತಿರುವುದೇ ಆ ಷರತ್ತಿನ ಮೇಲೆ. ಅದು ಕೈತಪ್ಪಿ ಹೋಗಿರುತ್ತದೆ.

ಎಂಜಿನಿಯರಿಂಗ್ ಪುಸ್ತಕಗಳಲ್ಲಿ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಂಥ ಕಡೆಗಳಲ್ಲಿ. ‘ಅನ್‌ಲೆಸ್’, ‘ವೇರ್‌ಆಸ್’, ‘ರೆಸ್ಪೆಕ್ಟಿವ್ಲಿ’, ‘ಸಬ್ಜೆಕ್ಟ್ ಟು’, ‘ವಿತ್ ರೆಸ್ಪೆಕ್ಟ್ ಟು’, ‘ಹೆನ್ಸ್’ ಇವೆಲ್ಲ ಎರಡು ಪಾರಿಭಾಷಿಕ ಪದಗಳ ನಡುವೆ ಗಾರೆಯಂತೆ ಕೂತಿರುವ ಪದಗಳು. ನ್ಯೂಜಿಲೆಂಡಿನ ವಿದ್ವಾಂಸೆ ಅವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದಿಂದ ಬೆಳೆದ ಪದಗಳ ಗುಂಪುಗಳು. ಅವು ದಿನಬಳಕೆಯ ಪದಗಳೂ ಅಲ್ಲ, ಒಂದೇ ಶಾಸ್ತ್ರಕ್ಕೆ ಸೇರಿದವೂ ಅಲ್ಲ: ‘ಅಸ್ಯೂಮ್’, ‘ಡಿರೈವ್’, ‘ಕಾನ್‌ಸ್ಟಂಟ್’, ‘ಇನಿಶಿಯಲ್’, ‘ಹೆನ್ಸ್’, ‘ಎಕ್ಸೀಡ್’ ಇಂಥವು. ವಾರಕ್ಕೆ 20 ಕುಟುಂಬ ಹಿಡಿದರೆ ಎರಡು ಸೆಮಿಸ್ಟರಿನಲ್ಲಿ ಪಟ್ಟಿ ಹೆಚ್ಚುಕಡಿಮೆ ಮುಗಿಯುತ್ತದೆ. ಆದರೆ ಪಟ್ಟಿಯನ್ನು ಪಟ್ಟಿಯಾಗಿ ಕೊಟ್ಟರೆ ಉರು ಹೊಡೆದು ಮರೆಯುತ್ತಾರೆ. ಆ ವಾರದ ಫಿಸಿಕ್ಸ್ ಅಥವಾ ಎಲೆಕ್ಟ್ರಿಕಲ್ ಪಾಠದ ಎರಡು ಪುಟ ತೆಗೆದುಕೊಂಡು, ಪಟ್ಟಿಯ ಪದ ಕಂಡಲ್ಲೆಲ್ಲ ಗೆರೆ ಎಳೆಸಬೇಕು. ಆಗ ಪದ ತನ್ನ ವಾಕ್ಯದ ಜೊತೆಗೇ ನೆನಪಿನಲ್ಲಿ ಉಳಿಯುತ್ತದೆ.

ಇಷ್ಟಕ್ಕೆಲ್ಲ ನಮಗೆ ಸಿಗುವ ಸಮಯ ಎಷ್ಟು? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಮೊದಲ ವರ್ಷ ಎರಡು ಪತ್ರಿಕೆಗಳಿವೆ: ಕಮ್ಯುನಿಕೇಟಿವ್ ಇಂಗ್ಲಿಷ್ ಮತ್ತು ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್. ಎರಡಕ್ಕೂ ತಲಾ ಒಂದೇ ಕ್ರೆಡಿಟ್. ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಬಹುಆಯ್ಕೆ ಪ್ರಶ್ನೆಗಳು. ಬರೆಯುವ ಕೌಶಲವನ್ನು ಒಂದು ಸಾಲೂ ಬರೆಸದೆ ಅಳೆಯುವ ಈ ಕ್ರಮ ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೆ ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಪರೀಕ್ಷೆಗಳ 50 ಅಂಕ ನಮ್ಮ ಕೈಯಲ್ಲಿವೆ. ಬರೆಸುವುದು, ಮಾತಾಡಿಸುವುದು ಏನಿದ್ದರೂ ಅಲ್ಲೇ ಆಗಬೇಕು. ಅಲ್ಲಿಯೂ ಬಹುಆಯ್ಕೆ ಅಭ್ಯಾಸವನ್ನೇ ಕೊಟ್ಟುಬಿಟ್ಟರೆ ನಾಲ್ಕು ವರ್ಷದಲ್ಲಿ ಇಂಗ್ಲಿಷ್ ಮೇಷ್ಟ್ರು ತಿದ್ದಿಕೊಟ್ಟ ಒಂದು ಪುಟವೂ ಇಲ್ಲದೆ ವಿದ್ಯಾರ್ಥಿ ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಕೂರುತ್ತಾನೆ.

ಒಂದೇ ಸೆಕ್ಷನ್ನಿನ 60 ಮಕ್ಕಳಲ್ಲಿ ಎಂಥೆಂಥವರು ಇರುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿತು, ಪಿಯುಸಿಯ ಎರಡು ವರ್ಷ ಇಂಗ್ಲಿಷಿನಲ್ಲಿ ಹೇಗೋ ಉಸಿರು ಹಿಡಿದು ಈಜಿ ಬಂದವರು, ಬೆಂಗಳೂರಿನ ಸಿಬಿಎಸ್‌ಇ ಶಾಲೆಯಿಂದ ಬಂದವರ ಪಕ್ಕದಲ್ಲೇ ಕೂತಿರುತ್ತಾರೆ. ಯಾರಿಗೆ ಎಷ್ಟು ಬರುತ್ತದೆ ಎಂದು ಮಾತಿನ ಧಾಟಿ ನೋಡಿ ಅಳೆಯಬೇಡಿ. ಸರಾಗವಾಗಿ ಮಾತಾಡುವವರು ಪುಸ್ತಕ ಓದಲಾರದೆ ಒದ್ದಾಡುವುದುಂಟು. ಬಾಯಿ ಬಿಡದವರು ಚೆನ್ನಾಗಿ ಓದಿ ಅರ್ಥ ಮಾಡಿಕೊಳ್ಳುವುದೂ ಉಂಟು.

ಅಳೆಯಲು ಅಗ್ಗದ, ನಂಬಬಹುದಾದ ಉಪಾಯ ಕ್ಲೋಜ್ ಟೆಸ್ಟ್, ಅಂದರೆ ಪದ ತೆಗೆದ ಜಾಗಗಳನ್ನು ತುಂಬಿಸುವ ಪರೀಕ್ಷೆ. ಇದು 1953ರಷ್ಟು ಹಳೆಯದು. ಆ ಸೆಮಿಸ್ಟರಿನ ಪಠ್ಯಪುಸ್ತಕದಿಂದಲೇ ಸುಮಾರು 280 ಪದಗಳ, ಸೂತ್ರಗಳಿಲ್ಲದ ಒಂದು ಭಾಗ ತೆಗೆದುಕೊಳ್ಳಿ. ಮೊದಲ ವಾಕ್ಯ, ಕೊನೆಯ ವಾಕ್ಯ ಹಾಗೇ ಬಿಡಿ. ನಡುವೆ ಪ್ರತಿ ಐದನೇ ಪದ ತೆಗೆದು ಒಂದೇ ಅಳತೆಯ ಗೆರೆ ಹಾಕಿ, 50 ಖಾಲಿ ಜಾಗ ಬರುವವರೆಗೆ. 25 ನಿಮಿಷ ಕೊಡಿ. ತಿದ್ದುವಾಗ ಮೂಲದಲ್ಲಿದ್ದ ಪದವೇ ಬಂದಿದ್ದರೆ ಮಾತ್ರ ಅಂಕ. ಸಮಾನಾರ್ಥಕಕ್ಕೆ ಕೊಡಬೇಡಿ, ಕಾಗುಣಿತ ತಪ್ಪಿದ್ದರೆ ಕಳೆಯಬೇಡಿ. ಶೇ. 60ಕ್ಕಿಂತ ಹೆಚ್ಚು ಬಂದವರು ಆ ಪುಸ್ತಕವನ್ನು ತಾವೇ ಓದಬಲ್ಲರು. 40ರಿಂದ 60 ಬಂದವರಿಗೆ ಮೇಷ್ಟ್ರ ನೆರವು ಬೇಕು. 40ಕ್ಕಿಂತ ಕಡಿಮೆಯವರಿಗೆ ಆ ಪುಸ್ತಕ ಮುಚ್ಚಿದ ಬಾಗಿಲು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು: ಮೇಷ್ಟ್ರು ತಮಗೆ ಬೇಕಾದ ಪದಗಳನ್ನು ಆರಿಸಿ ತೆಗೆಯುವುದು, ಮತ್ತು ದಿನಪತ್ರಿಕೆಯ ಲೇಖನ ಬಳಸುವುದು. ಪದ ಆರಿಸಿದರೆ ಅದು ಬೇರೆಯೇ ಪರೀಕ್ಷೆಯಾಗುತ್ತದೆ, ಮೇಲಿನ ಅಳತೆಗೋಲು ಅದಕ್ಕೆ ಹೊಂದುವುದಿಲ್ಲ. ದಿನಪತ್ರಿಕೆ ಬಳಸಿದರೆ ಅವರು ಪತ್ರಿಕೆ ಓದಬಲ್ಲರೇ ಎಂದು ಗೊತ್ತಾಗುತ್ತದೆ, ಮೆಕ್ಯಾನಿಕ್ಸ್ ಪುಸ್ತಕ ಓದಬಲ್ಲರೇ ಎಂದಲ್ಲ.

ಇನ್ನು ಕಲಿಸುವ ಬಗೆ. ತರಗತಿಯಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯ ಬಹಳ ಕಾಲೇಜುಗಳಲ್ಲಿದೆ. ಅಭ್ಯಾಸ ಇಂಗ್ಲಿಷಿನಲ್ಲೇ ನಡೆಯಬೇಕು, ಅದು ನಿಜ. ಆದರೆ ವಾಕ್ಯದ ಕಟ್ಟನ್ನು ಬಿಡಿಸಿ ತೋರಿಸುವಾಗ ಕನ್ನಡಕ್ಕಿಂತ ಹರಿತವಾದ ಸಲಕರಣೆ ನಮ್ಮ ಮಕ್ಕಳ ಬಳಿ ಬೇರೊಂದಿಲ್ಲ. ನಾಲ್ಕೈದು ಉದಾಹರಣೆ ಕೊಡುತ್ತೇವೆ. ಇವು ಬೋರ್ಡಿನ ಮೇಲೆ ತಲಾ ಹತ್ತು ನಿಮಿಷದ ಕೆಲಸ.

ತಾಂತ್ರಿಕ ಇಂಗ್ಲಿಷಿನಲ್ಲಿ ನಾಮಪದಗಳನ್ನು ರೈಲುಬೋಗಿಗಳಂತೆ ಜೋಡಿಸುತ್ತಾರೆ: ‘ವಾಟರ್ ಪಂಪ್ ಮೋಟಾರ್ ಸ್ಪೀಡ್ ಕಂಟ್ರೋಲ್ ಸರ್ಕ್ಯೂಟ್’. ಯುರೋಪಿನ ಕೆಲವು ಭಾಷೆಗಳವರಿಗೆ ಇದು ತಲೆನೋವು, ಅವರು ಹಿಂದುಮುಂದು ಮಾಡಿಕೊಳ್ಳಬೇಕು. ನಮಗೆ ಆ ತೊಂದರೆಯೇ ಇಲ್ಲ: ನೀರಿನ ಪಂಪಿನ ಮೋಟಾರಿನ ವೇಗದ ನಿಯಂತ್ರಣದ ಸರ್ಕ್ಯೂಟು. ಪದಗಳ ಕ್ರಮ ಒಂದು ಕೂದಲೆಳೆಯೂ ಬದಲಾಗಲಿಲ್ಲ. ಕೊನೆಯ ಪದವೇ ಯಜಮಾನ, ಹಿಂದಿನವೆಲ್ಲ ಅದರ ವಿಶೇಷಣ. ಇದನ್ನು ಒಮ್ಮೆ ತೋರಿಸಿದರೆ ಸಾಕು, ಆರು ಪದದ ಸರಪಳಿಯನ್ನೂ ಮಕ್ಕಳು ಹೆದರದೆ ಬಿಡಿಸುತ್ತಾರೆ.

ಅದೇ ‘ಆಫ್’, ‘ಅಟ್’, ‘ಇನ್’ ಬಂದ ತಕ್ಷಣ ದಾರಿ ತಿರುಗುತ್ತದೆ. ‘ದ ಎಫಿಷಿಯೆನ್ಸಿ ಆಫ್ ದ ಪಂಪ್ ಅಟ್ ದ ರೇಟೆಡ್ ಸ್ಪೀಡ್ ಆಫ್ ದ ಮೋಟಾರ್’. ಇದನ್ನು ಕೊನೆಯಿಂದ ಓದಿ: ಮೋಟಾರಿನ ನಿಗದಿತ ವೇಗದಲ್ಲಿ ಪಂಪಿನ ದಕ್ಷತೆ. ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ತಿರುವುಮುರುವು. ಸಂಬಂಧ ಸೂಚಿಸುವ ಉಪವಾಕ್ಯವೂ ಹೀಗೆಯೇ. ‘ದ ರೆಸಿಸ್ಟರ್ ವಿಚ್ ವಾಸ್ ಕನೆಕ್ಟೆಡ್ ಟು ದ ಬ್ಯಾಟರಿ ಬರ್ನ್ಟ್ ಔಟ್’ ಎಂಬ ವಾಕ್ಯದಲ್ಲಿ ಸುಟ್ಟಿದ್ದು ಯಾವುದು ಎಂದು ಕೇಳಿ ನೋಡಿ. ‘ಬ್ಯಾಟರಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಕಾರಣ ಸರಳ. ಕನ್ನಡದಲ್ಲಿ ‘ಬ್ಯಾಟರಿಗೆ ಜೋಡಿಸಿದ್ದ ರೆಸಿಸ್ಟರ್ ಸುಟ್ಟುಹೋಯಿತು’ ಎನ್ನುವಾಗ ಕರ್ತೃ ಕ್ರಿಯಾಪದದ ಪಕ್ಕದಲ್ಲಿರುತ್ತದೆ. ಇಂಗ್ಲಿಷಿನಲ್ಲಿ ನಡುವೆ ಐದಾರು ಪದ ನುಗ್ಗಿರುತ್ತವೆ. ಕ್ರಿಯಾಪದದ ಪಕ್ಕ ಕಂಡ ನಾಮಪದವನ್ನೇ ಕರ್ತೃ ಎಂದುಕೊಳ್ಳುತ್ತಾರೆ. ‘ವಿಚ್’ನಿಂದ ‘ಬ್ಯಾಟರಿ’ವರೆಗೆ ಪೆನ್ಸಿಲಿನಲ್ಲಿ ಕಂಸ ಹಾಕಿಸಿ, ಅದನ್ನು ಬಿಟ್ಟು ಓದಿಸಿ. ಒಂದು ತಿಂಗಳು ಹೀಗೆ ಮಾಡಿಸಿದರೆ ಕೈ ತಾನಾಗಿ ಕಂಸ ಹಾಕುತ್ತದೆ.

ಲ್ಯಾಬ್ ರೆಕಾರ್ಡಿಗೆ ಬರೋಣ, ಯಾಕೆಂದರೆ ಎಂಜಿನಿಯರಿಂಗ್ ವಿದ್ಯಾರ್ಥಿ ಅತಿ ಹೆಚ್ಚು ಇಂಗ್ಲಿಷ್ ಬರೆಯುವುದು ಅಲ್ಲಿ, ಮತ್ತು ಅತಿ ಹೆಚ್ಚು ನಕಲು ಮಾಡುವುದೂ ಅಲ್ಲಿಯೇ. ಹಳೇ ಬ್ಯಾಚಿನ ರೆಕಾರ್ಡ್ ನೋಡಿ ಇಳಿಸುವುದನ್ನು ಬೈದು ನಿಲ್ಲಿಸಲಾಗುವುದಿಲ್ಲ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿರುವುದು ಆಜ್ಞೆ: ‘ಕನೆಕ್ಟ್ ದ ಸರ್ಕ್ಯೂಟ್. ವೇರಿ ದ ಫ್ರೀಕ್ವೆನ್ಸಿ. ನೋಟ್ ದ ರೀಡಿಂಗ್ಸ್.’ ರೆಕಾರ್ಡಿನಲ್ಲಿ ಬೇಕಾದದ್ದು ಆಗಿಹೋದ ಕೆಲಸದ ವರದಿ: ‘ದ ಸರ್ಕ್ಯೂಟ್ ವಾಸ್ ಕನೆಕ್ಟೆಡ್.’ ಈ ದಾಟುವಿಕೆಯನ್ನು ಯಾರೂ ಕಲಿಸಿಲ್ಲ, ಅದಕ್ಕೇ ನಕಲು. ಕಲಿಸಲು ಕನ್ನಡದ ‘ಲಾಯಿತು’ ಸಾಕು. ದಿನಾ ಪತ್ರಿಕೆಯಲ್ಲಿ ‘ಸಭೆ ನಡೆಸಲಾಯಿತು’, ‘ಸಸಿ ನೆಡಲಾಯಿತು’ ಎಂದು ಓದುವವರಿಗೆ ‘ಸರ್ಕ್ಯೂಟನ್ನು ಜೋಡಿಸಲಾಯಿತು’ ಹೊಸದಲ್ಲ. ಒಂದು ವ್ಯತ್ಯಾಸ ಮಾತ್ರ ಬಿಡದೆ ಹೇಳಬೇಕು. ಕನ್ನಡದಲ್ಲಿ ‘ಸರ್ಕ್ಯೂಟನ್ನು’ ಕರ್ಮವಾಗಿಯೇ ಉಳಿಯುತ್ತದೆ, ಕ್ರಿಯಾಪದ ಏಕವಚನದಲ್ಲೇ ನಿಲ್ಲುತ್ತದೆ: ಹತ್ತು ರೀಡಿಂಗ್ ತೆಗೆದರೂ ‘ರೀಡಿಂಗ್‌ಗಳನ್ನು ತೆಗೆದುಕೊಳ್ಳಲಾಯಿತು’. ಇಂಗ್ಲಿಷಿನಲ್ಲಿ ಆ ಕರ್ಮವೇ ಕರ್ತೃವಿನ ಜಾಗಕ್ಕೆ ಬಂದು ಕೂರುವುದರಿಂದ ‘ವರ್ ಟೇಕನ್’ ಆಗಬೇಕು. ‘ರೀಡಿಂಗ್ಸ್ ವಾಸ್ ಟೇಕನ್’ ಎಂಬ ತಪ್ಪಿನ ಬೇರು ಇಲ್ಲಿದೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಸರಣಿ ಎಲ್‌ಸಿಆರ್ (ಇಂಡಕ್ಟರ್, ಕೆಪಾಸಿಟರ್, ರೆಸಿಸ್ಟರ್ ಮೂರೂ ಇರುವ ಸರ್ಕ್ಯೂಟಿನ) ಪ್ರಯೋಗದ ರೆಕಾರ್ಡಿನಲ್ಲಿ ‘ದ ಕರೆಂಟ್ ವಾಸ್ ಇನ್‌ಕ್ರೀಸ್ಡ್’ ಎಂದು ಬರೆದಿರುತ್ತಾರೆ. ವ್ಯಾಕರಣದ ಪ್ರಕಾರ ವಾಕ್ಯದಲ್ಲಿ ದೋಷವಿಲ್ಲ, ಆದರೆ ಫಿಸಿಕ್ಸ್ ತಪ್ಪು. ಆ ಪ್ರಯೋಗದಲ್ಲಿ ನಾವು ಹೆಚ್ಚಿಸುವುದು ಫ್ರೀಕ್ವೆನ್ಸಿಯನ್ನು. ಕರೆಂಟ್ ತಾನಾಗಿ ಹೆಚ್ಚಿ, ರೆಸೊನೆನ್ಸ್‌ನಲ್ಲಿ ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ಕನ್ನಡದಲ್ಲಿ ಇದು ಪ್ರತ್ಯಯದಲ್ಲೇ ಗೊತ್ತಾಗುತ್ತದೆ: ಫ್ರೀಕ್ವೆನ್ಸಿಯನ್ನು ಹೆಚ್ಚಿಸಲಾಯಿತು, ಕರೆಂಟ್ ಹೆಚ್ಚಿತು. ‘ಇಸು’ ಇದ್ದರೆ ಮಾಡಿದವರೊಬ್ಬರಿದ್ದಾರೆ. ಇಲ್ಲದಿದ್ದರೆ ತಾನಾಗಿ ಆದದ್ದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಇನ್‌ಕ್ರೀಸ್’. ಹಾಗಾಗಿ ನಿಯಮ ಹೀಗೆ ಕೊಡಿ: ಕನ್ನಡದಲ್ಲಿ ‘ಇಸಲಾಯಿತು’ ಬಂದರೆ ‘ವಾಸ್ ಇನ್‌ಕ್ರೀಸ್ಡ್’, ಬರೀ ‘ಇತು’ ಬಂದರೆ ‘ಇನ್‌ಕ್ರೀಸ್ಡ್’. ಕಾಯಿತು–ಕಾಯಿಸಲಾಯಿತು, ಕರಗಿತು–ಕರಗಿಸಲಾಯಿತು ಎಂದು ಹತ್ತು ಜೋಡಿ ಬರೆಸಿದರೆ ರೆಕಾರ್ಡಿನ ಅಬ್ಸರ್ವೇಶನ್ ಭಾಗ ಅರ್ಧಕ್ಕರ್ಧ ಸರಿಹೋಗುತ್ತದೆ.

ಗ್ರಾಫ್ ವಿವರಿಸುವಾಗ ‘ಬೈ’ ಮತ್ತು ‘ಟು’ ಅದಲುಬದಲಾಗುತ್ತವೆ. 20ರಷ್ಟು ಹೆಚ್ಚಿತು ಎಂದರೆ ‘ಬೈ 20’, 20ಕ್ಕೆ ಏರಿತು ಎಂದರೆ ‘ಟು 20’. ‘ಅಷ್ಟು’ವಿಗೆ ‘ಬೈ’, ‘ಕ್ಕೆ’ಗೆ ‘ಟು’. ಇಷ್ಟೇ. ಯೂನಿಟ್ಟುಗಳಲ್ಲೂ ಒಂದು ಅಕ್ಷರ ಎಷ್ಟು ದೂರ ಒಯ್ಯುತ್ತದೆ ಎಂದು ಇಲ್ಲೇ ಹೇಳಿಬಿಡಬೇಕು. ಮಿಲಿವ್ಯಾಟ್‌ನ ಎಂ ಚಿಕ್ಕದು, ಮೆಗಾವ್ಯಾಟ್‌ನದು ದೊಡ್ಡದು. ಅವಸರದಲ್ಲಿ ಒಂದರ ಬದಲು ಇನ್ನೊಂದು ಬರೆದರೆ ಬೆಲೆ 100 ಕೋಟಿ ಪಟ್ಟು ಬದಲಾಗುತ್ತದೆ. ಇದು ಫಿಸಿಕ್ಸ್ ಮೇಷ್ಟ್ರ ಕೆಲಸ ಎಂದು ನಾವು ಕೈಬಿಡುತ್ತೇವೆ, ಇಂಗ್ಲಿಷ್ ಮೇಷ್ಟ್ರ ಕೆಲಸ ಎಂದು ಅವರು.

ಸಿವಿಲ್ ವಿಭಾಗದವರು ಮುಂದೆ ಭಾರತೀಯ ಮಾನಕ ಸಂಹಿತೆಗಳನ್ನು ಓದಬೇಕು. ಕಾಂಕ್ರೀಟಿನ ಐಎಸ್ 456:2000 ಅವುಗಳಲ್ಲಿ ಮುಖ್ಯವಾದದ್ದು. ಅಲ್ಲಿ ‘ಶಲ್’, ‘ಶುಡ್’, ‘ಮೇ’ ಮೂರಕ್ಕೂ ಬೇರೆ ಬೇರೆ ತೂಕವಿದೆ. ಶಾಲೆಯಲ್ಲಿ ‘ಐ ಶಲ್, ವಿ ಶಲ್’ ಎಂದು ಭವಿಷ್ಯತ್ಕಾಲವಾಗಿ ಕಲಿತವರು ‘ಶಲ್’ಗಿಂತ ‘ಶುಡ್’ ಗಟ್ಟಿ ಎಂದುಕೊಳ್ಳುತ್ತಾರೆ. ಸಂಹಿತೆಯಲ್ಲಿ ಅದು ತಲೆಕೆಳಗು: ‘ಶಲ್’ ತಪ್ಪಿಸುವಂತಿಲ್ಲದ ಕಟ್ಟಳೆ, ‘ಶುಡ್’ ಶಿಫಾರಸು, ‘ಮೇ’ ಅನುಮತಿ. ಕನ್ನಡದ ಕಾನೂನು ಭಾಷೆಯ ‘ಮಾಡತಕ್ಕದ್ದು’ ಮತ್ತು ‘ಮಾಡಬಹುದು’ ಪಕ್ಕದಲ್ಲಿಟ್ಟು ತೋರಿಸಿ. ‘ತಕ್ಕದ್ದು’ ಎಂದ ಕೂಡಲೇ ಸರ್ಕಾರಿ ಆದೇಶದ ದನಿ ಕಿವಿಗೆ ಬೀಳುತ್ತದೆ, ‘ಶಲ್’ನ ತೂಕ ಗೊತ್ತಾಗುತ್ತದೆ.

ಮಾತಿನ ವಿಷಯ. ಒಂದು ಗಂಟೆ, 60 ಮಕ್ಕಳು. ಒಬ್ಬೊಬ್ಬರನ್ನು ಎದ್ದು ನಿಲ್ಲಿಸಿದರೆ ಒಬ್ಬರಿಗೆ ಒಂದು ನಿಮಿಷವೂ ಸಿಗದು, ಉಳಿದ 59 ಜನ ಸುಮ್ಮನೆ ಕೂರುತ್ತಾರೆ. ಇದಕ್ಕೆ 4-3-2 ಎಂಬ ವಿಧಾನ ಇದೆ. ಎದುರುಬದುರು ಎರಡು ಸಾಲು ಮಾಡಿ. ಬೆಂಚುಗಳನ್ನು ನೆಲಕ್ಕೆ ಬಿಗಿದಿದ್ದರೆ ಒಂದು ಬಿಟ್ಟು ಒಂದು ಬೆಂಚಿನವರು ಹಿಂದೆ ತಿರುಗಲಿ. ಮೂರು ನಿಮಿಷ ತಯಾರಿ, ಚೀಟಿಯಲ್ಲಿ ಐದೇ ಪದ ಬರೆದುಕೊಳ್ಳಬಹುದು. ಒಂದು ಸಾಲಿನವರೆಲ್ಲ ಒಟ್ಟಿಗೇ ಎದುರಿನವರಿಗೆ ನಾಲ್ಕು ನಿಮಿಷ ಮಾತಾಡುತ್ತಾರೆ. ಕೇಳುವ ಸಾಲು ಒಂದು ಜಾಗ ಸರಿಯುತ್ತದೆ. ಅದೇ ವಿಷಯವನ್ನು ಹೊಸ ಕೇಳುಗನಿಗೆ ಮೂರು ನಿಮಿಷದಲ್ಲಿ, ಮತ್ತೆ ಸರಿದ ಮೇಲೆ ಎರಡು ನಿಮಿಷದಲ್ಲಿ. ಆಮೇಲೆ ಕೇಳಿದವರ ಸರದಿ. ಸರಿದಾಡುವುದೂ ಸೇರಿ ಅರ್ಧ ಗಂಟೆಯೊಳಗೆ 60 ಜನರೂ ತಲಾ ಒಂಬತ್ತು ನಿಮಿಷ ಇಂಗ್ಲಿಷ್ ಮಾತಾಡಿರುತ್ತಾರೆ. ಹೇಳಬೇಕಾದ್ದು ಅದೇ ಇದ್ದು ಸಮಯ ಕುಗ್ಗುವುದರಿಂದ ಮೂರನೇ ಸುತ್ತಿಗೆ ತಡವರಿಕೆ ಕಡಿಮೆಯಾಗುತ್ತದೆ. ಅದನ್ನು ಮಕ್ಕಳೇ ಗಮನಿಸುತ್ತಾರೆ.

ಕೆಡುವುದು ಎಲ್ಲಿ? ವಿಷಯ ಗೊತ್ತಿಲ್ಲದ್ದಾದರೆ ಕೆಡುತ್ತದೆ. ‘ಕೃತಕ ಬುದ್ಧಿಮತ್ತೆಯ ಸಾಧಕ ಬಾಧಕ’ ಬೇಡ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಹೇಗೆ ಕೆಲಸ ಮಾಡುತ್ತದೆ, ತೋಟಕ್ಕೆ ಡ್ರಿಪ್ ಹೇಗೆ ಹಾಕುತ್ತಾರೆ, ಪ್ರೆಶರ್ ಕುಕ್ಕರ್ ಯಾಕೆ ಕೂಗುತ್ತದೆ ಎಂಬಂಥದ್ದು ಕೊಡಿ. ಹಳ್ಳಿಯಿಂದ ಬಂದ ಹುಡುಗ ಅಲ್ಲಿ ನಗರದವನಿಗಿಂತ ಹೆಚ್ಚು ತಿಳಿದವನು; ಹೇಳಲು ಸರಕಿದ್ದರೆ ಭಾಷೆ ಹೇಗಾದರೂ ಹಿಂದೆ ಬರುತ್ತದೆ. ಮೊದಮೊದಲು ನಾಲ್ಕು ನಿಮಿಷ ಉದ್ದವಾಯಿತು ಎನಿಸಿದರೆ 3-2-1 ಮಾಡಿ. ಮೇಷ್ಟ್ರು ನಡುವೆ ಹೋಗಿ ತಿದ್ದಿದರೂ ಕೆಡುತ್ತದೆ. ಗದ್ದಲವಂತೂ ಆಗೇ ಆಗುತ್ತದೆ, ಪಕ್ಕದ ತರಗತಿಯವರಿಗೆ ಮುಂಚೆಯೇ ಹೇಳಿಡಿ. ಗ್ರೂಪ್ ಡಿಸ್ಕಷನ್ ಅನ್ನು ಮೊದಲ ಸೆಮಿಸ್ಟರಿಗೆ ತರಲೇಬೇಡಿ: ಹತ್ತು ಜನರಲ್ಲಿ ಮೂವರು ಮಾತಾಡುತ್ತಾರೆ, ಏಳು ಜನ ತಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ತೀರ್ಮಾನಿಸಿಕೊಳ್ಳುತ್ತಾರೆ.

ಉಚ್ಚಾರಣೆಯಲ್ಲಿ ಎಲ್ಲವನ್ನೂ ತಿದ್ದುವ ಹಟ ಬೇಡ. ‘ಝೀರೊ’ ಬದಲು ‘ಜೀರೋ’ ಎಂದರೆ, ‘ಓನ್ಲಿ’ ಬದಲು ‘ವೋನ್ಲಿ’ ಎಂದರೆ ಕೇಳುವವರಿಗೆ ಏನೂ ತೊಂದರೆಯಿಲ್ಲ. ತೊಂದರೆ ಇರುವುದು 13 ಮತ್ತು 30ರಲ್ಲಿ, 15 ಮತ್ತು 50ರಲ್ಲಿ. ಇಂಗ್ಲಿಷರ ಕಿವಿ ಅವನ್ನು ಬೇರೆ ಮಾಡುವುದು ಒತ್ತಿನಿಂದ: ‘ಥರ್ಟೀನ್’ನಲ್ಲಿ ಒತ್ತು ಕೊನೆಗೆ, ‘ಥರ್ಟಿ’ಯಲ್ಲಿ ಮೊದಲಿಗೆ. ನಾವು ಎರಡನ್ನೂ ಒಂದೇ ತೂಕದಲ್ಲಿ ಹೇಳಿ ಕೊನೆಯ ‘ನ್’ ನುಂಗುತ್ತೇವೆ. ಒತ್ತು ಅಭ್ಯಾಸವಾಗುವವರೆಗೆ ರೀಡಿಂಗ್ ಹೇಳುವಾಗ ‘ಒನ್ ತ್ರೀ’, ‘ತ್ರೀ ಜೀರೋ’ ಎಂದು ಅಂಕಿ ಬಿಡಿಸಿ ಹೇಳಿಸಿ. ದಶಾಂಶದ ನಂತರ ಯಾವಾಗಲೂ ಬಿಡಿಸಿಯೇ ಹೇಳಬೇಕು: 3.14 ‘ತ್ರೀ ಪಾಯಿಂಟ್ ಒನ್ ಫೋರ್’, ‘ಫೋರ್ಟೀನ್’ ಅಲ್ಲ. ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತು ಒಬ್ಬರು 20 ರೀಡಿಂಗ್ ಓದುವುದು, ಇನ್ನೊಬ್ಬರು ಬರೆಯುವುದು. ಐದು ನಿಮಿಷದಲ್ಲಿ ಯಾರ ಬಾಯಿ, ಯಾರ ಕಿವಿ ಎಲ್ಲಿ ತಪ್ಪುತ್ತಿದೆ ಎಂದು ಗೊತ್ತಾಗುತ್ತದೆ.

ತಿದ್ದುವ ಭಾರದ ಮಾತು ಎಲ್ಲರೂ ಕೇಳುತ್ತೀರಿ. 60 ಪುಟ, ಪುಟಕ್ಕೆ ಐದು ನಿಮಿಷ ಎಂದರೆ ಐದು ಗಂಟೆ. ಮೂರು ಸೆಕ್ಷನ್ ಇದ್ದರೆ ಯಾರ ಕೈಲೂ ಆಗದ ಮಾತು. 100 ಪದ ಮೀರದಂತೆ ಬರೆಸಿ. ಆ ವಾರದ ಗುರಿ ಒಂದೇ ಇರಲಿ, ಉದಾಹರಣೆಗೆ ‘ಲಾಯಿತು’ ವಾಕ್ಯಗಳು. ಅದರ ತಪ್ಪಿಗೆ ಮಾತ್ರ ಸುತ್ತು ಹಾಕಿ, ಸರಿ ಉತ್ತರ ಬರೆಯಬೇಡಿ, ಉಳಿದ ತಪ್ಪುಗಳನ್ನು ಕಂಡೂ ಬಿಡಿ. ಪುಟಕ್ಕೆ ಒಂದೂವರೆ ನಿಮಿಷ, ಒಟ್ಟು 90 ನಿಮಿಷ. ಮುಂದಿನ ತರಗತಿಯಲ್ಲಿ ಎಂಟು ವಾಕ್ಯ ಹೆಸರಿಲ್ಲದೆ ಬೋರ್ಡಿಗೆ ಹಾಕಿ ಜೋಡಿಯಲ್ಲಿ ತಿದ್ದಿಸಿ, ಆಮೇಲೆ ತಮ್ಮ ತಮ್ಮ ಪುಟ ತಾವೇ ತಿದ್ದಿಕೊಳ್ಳಲಿ. ಪುಟ ತುಂಬ ಕೆಂಪು ಗೀಚಿ ಕೊಟ್ಟದ್ದನ್ನು ಯಾರೂ ಓದುವುದಿಲ್ಲ.

ಕೊನೆಯದಾಗಿ, ನಮ್ಮ ಲೆಕ್ಕದಿಂದಲೇ ಬಿಟ್ಟುಹೋಗುವ ಒಂದು ಗುಂಪು. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಸೇರುವ ಲ್ಯಾಟರಲ್ ಎಂಟ್ರಿ ಮಕ್ಕಳಿಗೆ ಮೊದಲ ವರ್ಷದ ಈ ಎರಡೂ ಇಂಗ್ಲಿಷ್ ಪತ್ರಿಕೆಗಳು ಸಿಗುವುದೇ ಇಲ್ಲ. ವರ್ಕ್‌ಶಾಪಿನಲ್ಲಿ ಅವರ ಕೈ ಪಳಗಿರುತ್ತದೆ. ವಸ್ತು ಗೊತ್ತು, ವಾಕ್ಯ ಗೊತ್ತಿಲ್ಲ. ಇವರಿಗೆ ಎಂಟು ಗಂಟೆ ಬೇಕು, ಶನಿವಾರ ಮಧ್ಯಾಹ್ನವಾದರೂ ಸರಿ. ಮೊದಲ ಗಂಟೆಯಲ್ಲಿ ವ್ಯಾಕರಣ ಬೇಡ, ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನು ತೆಗೆದುಕೊಳ್ಳಿ, ಯಾಕೆಂದರೆ ಮೊದಲ ಇಂಟರ್ನಲ್ಸ್ ಬೇಗನೆ ಬಂದುಬಿಡುತ್ತದೆ. ‘ಲಿಸ್ಟ್’ ಎಂದಲ್ಲಿ ಹೆಸರು ಸಾಕು, ಎರಡು ಪುಟ ಬರೆದು ಸಮಯ ಕಳೆಯುವುದು ಬೇಡ. ‘ಡಿಫರೆನ್ಶಿಯೇಟ್ ಬಿಟ್ವೀನ್’ ಎಂದಲ್ಲಿ ಎರಡು ಕಾಲಂ ಬೇಕು, ಪ್ರತಿ ಸಾಲಿನಲ್ಲೂ ಒಂದೇ ಅಂಶದ ಹೋಲಿಕೆ. ‘ಜಸ್ಟಿಫೈ’ ಎಂದಲ್ಲಿ ವ್ಯಾಖ್ಯೆ ಬರೆದರೆ ಅಂಕವಿಲ್ಲ, ಕಾರಣ ಬೇಕು. ‘ವಿತ್ ಎ ನೀಟ್ ಸ್ಕೆಚ್’ ಎಂದರೆ ಚಂದದ ಚಿತ್ರ ಎಂದಲ್ಲ, ಭಾಗಗಳ ಹೆಸರು ಗುರುತಿಸಿದ ಚಿತ್ರ. ಎರಡು ಮತ್ತು ಮೂರನೇ ಗಂಟೆ ಕ್ಲೋಜ್ ಟೆಸ್ಟ್ ಮತ್ತು ಕಂಸ ಹಾಕಿ ಓದುವುದಕ್ಕೆ, ನಾಲ್ಕು ಐದು ರೆಕಾರ್ಡಿಗೆ, ಆರು ‘ಶಲ್’ ಮತ್ತು ‘ಮೇ’ಗೆ, ಉಳಿದೆರಡು ಮಾತಿಗೆ. ಮಾತಿನ ಆ ಎರಡು ಗಂಟೆಯನ್ನು ಲೇತ್ ಮೆಷಿನ್ನಿನ ಪಕ್ಕದಲ್ಲೇ ಇಟ್ಟುಕೊಳ್ಳಿ; ಚಕ್ ಬಿಗಿಯುತ್ತಾ, ಟೂಲ್ ಕೂರಿಸುತ್ತಾ, ತಾವು ಮಾಡುತ್ತಿರುವುದನ್ನು ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಲಿ.